ಮುರಿದದ್ದು ನಲ್ಲಿಯಲ್ಲ, ಟ್ಯಾಪು!

"ಟ್ಯಾಪ್ ಮುರಿದುಹೋಯ್ತು, ಭಾನುವಾರ ಬರೋಕಾಗಲ್ಲ" ಅಂತ ಹೆಂಡತಿಗೆ ಮೆಸೇಜ್ ಹಾಕಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಅದಕ್ಯಾಕೆ ಉಳ್ಕೋತೀಯ? ಪ್ಲಂಬರ್‌ಗೆ ಹೇಳಿ ಹೊರಡು."

ಅವಳ ತಪ್ಪೇನಿಲ್ಲ. ಟ್ಯಾಪ್ ಅಂದ್ರೆ ಯಾರಿಗಾದರೂ ಮೊದಲು ನೆನಪಾಗೋದು ನೀರಿನ ನಲ್ಲಿಯೇ. ನಾನು ಮುರಿದಿದ್ದು ಬೇರೆ ಟ್ಯಾಪು. ಬೋಲ್ಟು ತಿರುಗಿ ಕೂರಬೇಕಾದರೆ ತೂತಿನ ಒಳಗೋಡೆಯಲ್ಲಿ ಸುರುಳಿಯಾಗಿ ಥ್ರೆಡ್ ಇರಬೇಕಲ್ಲ, ಅದನ್ನು ಕೊರೆಯುವ ಹತಾರ. ನೋಡೋಕೆ ಬೋಲ್ಟಿನ ಹಾಗೇ ಇರುತ್ತೆ. ಉದ್ದಕ್ಕೂ ಮೂರೋ ನಾಲ್ಕೋ ಕಾಲುವೆ ತೆಗೆದಿರುತ್ತಾರೆ, ಕೊರೆದ ಪುಡಿ ಅದರಲ್ಲಿ ತುಂಬಿಕೊಳ್ಳಲಿ ಅಂತ. ಇಂಥದ್ದೊಂದು ಟ್ಯಾಪಿನ ಅರ್ಧ ಭಾಗ ನನ್ನ ಕೈಯಲ್ಲಿತ್ತು. ಉಳಿದರ್ಧ ಅಪ್ಪನ ಡೀಸೆಲ್ ಎಂಜಿನ್ ಬ್ಲಾಕ್‌ನ ಒಳಗಿತ್ತು. ಏಪ್ರಿಲ್ ತಿಂಗಳು. ತೋಟದಲ್ಲಿ ಎರಡು ವರ್ಷದ ಅಡಿಕೆ ಸಸಿಗಳು ನೀರಿಗೆ ಕಾಯುತ್ತಿದ್ದವು.

ನಮ್ಮೂರು ಚನ್ನಗಿರಿ ತಾಲ್ಲೂಕಿನಲ್ಲಿದೆ. ಬೋರ್‌ವೆಲ್ಲಿಗೆ ಕರೆಂಟ್ ಮೋಟರ್ ಇದೆ, ಆದರೆ ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ ಹೇಳೋಕೆ ಜ್ಯೋತಿಷಿನೇ ಬೇಕು. ಅದಕ್ಕೇ ಹಳ್ಳದ ದಂಡೆ ಮೇಲೆ ಅಜ್ಜನ ಕಾಲದ ಒಂದು ಸಿಂಗಲ್ ಸಿಲಿಂಡರ್ ಡೀಸೆಲ್ ಎಂಜಿನ್ ಇನ್ನೂ ಇದೆ. ದೊಡ್ಡ ಫ್ಲೈವೀಲು, ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು. 'ಡುಗ್... ಡುಗ್...' ಅಂತ ನಿಧಾನವಾಗಿ ಓಡುತ್ತೆ, ಸದ್ದು ಅರ್ಧ ಊರಿಗೆ ಕೇಳುತ್ತೆ.

ಆ ಸಲ ನೀರು ಸೋರುತ್ತಿತ್ತು. ಎಂಜಿನ್ ತಣ್ಣಗಿಡುವ ನೀರು ಬ್ಲಾಕ್‌ನೊಳಗೆ ಹೋಗುವ ಕಡೆ ಒಂದು ಫ್ಲಾಂಜ್ ಇದೆ. ಅದನ್ನು ಹಿಡಿದಿರೋದು ಎರಡು ಸ್ಟಡ್ಡು. ಒಂದು ಸ್ಟಡ್ಡು ತುಕ್ಕು ಹಿಡಿದು ಥ್ರೆಡ್ಡೆಲ್ಲ ಉದುರಿ ಹೊರಬಂದಿತ್ತು. ಅಪ್ಪ "ಮೇಸ್ತ್ರಿಗೆ ಫೋನ್ ಮಾಡ್ತೀನಿ ತಡಿ" ಅಂದರು. ನಾನು "ಇದಕ್ಕೆಲ್ಲ ಮೇಸ್ತ್ರಿ ಯಾಕಪ್ಪಾ, ಥ್ರೆಡ್ ಕ್ಲೀನ್ ಮಾಡಿ ಹೊಸ ಬೋಲ್ಟ್ ಹಾಕಿದ್ರಾಯ್ತು" ಅಂದೆ. ನಾನೂ ಎಂಜಿನಿಯರೇ ಅಲ್ವಾ! ಓದಿದ್ದು ಇನ್ಫರ್ಮೇಷನ್ ಸೈನ್ಸ್. ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ಫೈಲು ಉಜ್ಜಿ ಒಂದು ವಿ ಜಾಯಿಂಟ್ ಮಾಡಿದ್ದು ಬಿಟ್ಟರೆ ಕಬ್ಬಿಣಕ್ಕೂ ನನಗೂ ಸಂಬಂಧವಿಲ್ಲ. ಧೈರ್ಯಕ್ಕೆ ಎರಡು ವಿಡಿಯೊ ನೋಡಿದ್ದೆ.

ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹಳೇ ಸ್ಟಡ್ಡು ತೋರಿಸಿದೆ. ಅಂಗಡಿಯವನು ಕಣ್ಣಳತೆಯಲ್ಲೇ "ಹತ್ತು ಎಂಎಂ" ಅಂದ. ಮೂರು ಟ್ಯಾಪಿನ ಸೆಟ್ಟು, 350 ರೂಪಾಯಿ. ಒಂದನೇ ಟ್ಯಾಪಿನ ತುದಿ ಚೂಪಾಗಿರುತ್ತೆ, ದಾರಿ ಮಾಡೋಕೆ. ಎರಡನೆಯದು ಸ್ವಲ್ಪ ಮೊಂಡು. ಮೂರನೆಯದು ತಳದವರೆಗೆ ಥ್ರೆಡ್ ಕೊರೆಯೋಕೆ. ಅಷ್ಟು ನನಗೂ ಗೊತ್ತಿತ್ತು.

ಮೊದಲ ಮೂರ್ನಾಲ್ಕು ಸುತ್ತು ಚೆನ್ನಾಗೇ ಹೋಯ್ತು. ಆಮೇಲೆ ಬಿಗಿಯಾಯಿತು. ತುಕ್ಕು ಇರಬೇಕು ಅಂದುಕೊಂಡು ಟ್ಯಾಪ್ ಹ್ಯಾಂಡಲ್‌ಗೆ ಒಂದು ಪೈಪ್ ತೂರಿಸಿ ಒತ್ತಿದೆ. 'ಟಿಕ್' ಅಂತು. ಅಷ್ಟೇ. ಪೆನ್ಸಿಲ್ ಮೊನೆ ಮುರಿದ ಹಾಗೆ, ಅದಕ್ಕಿಂತ ದೊಡ್ಡ ಸದ್ದೇನಿಲ್ಲ. ಹ್ಯಾಂಡಲ್ ಕೈಗೆ ಬಂತು.

ಮುಚ್ಚಿಟ್ಟ ಒಂದು ರಾತ್ರಿ

ಮುರಿದ ಬೋಲ್ಟು ತೆಗೆಯೋದು ಅಷ್ಟು ಕಷ್ಟವಲ್ಲ. ಬೋಲ್ಟು ಮೆತ್ತಗಿನ ಉಕ್ಕು. ನಡುವೆ ಡ್ರಿಲ್ ಹಾಕಿ, ಎಡಮುರಿಯ ಎಕ್ಸ್‌ಟ್ರಾಕ್ಟರ್ ತೂರಿಸಿ ತಿರುಗಿಸಿದರೆ ಬಹಳ ಸಲ ಬಂದುಬಿಡುತ್ತೆ. ಟ್ಯಾಪಿನ ಕತೆಯೇ ಬೇರೆ. ಅದು ಹೈ ಸ್ಪೀಡ್ ಸ್ಟೀಲ್, ಅಂದರೆ ಡ್ರಿಲ್ ಬಿಟ್ ಯಾವುದರಿಂದ ಮಾಡುತ್ತಾರೋ ಅದೇ ಉಕ್ಕು. ರಾಕ್‌ವೆಲ್ ಸಿ ಅಳತೆಯಲ್ಲಿ 60ಕ್ಕೂ ಮೇಲೆ. ಡ್ರಿಲ್ ಬಿಟ್ ಅದನ್ನು ಕೊರೆಯೋಕಾಗಲ್ಲ, ಜಾರುತ್ತೆ. ಗಟ್ಟಿ ಇರೋದಕ್ಕೇ ಅದು ಗಾಜಿನ ಹಾಗೆ, ಬಗ್ಗೋದಿಲ್ಲ, ಸಿಡಿಯುತ್ತೆ. ಸುತ್ತ ಇರೋದು ಬೀಡು ಕಬ್ಬಿಣದ ಬ್ಲಾಕು, ಅದೋ ಟ್ಯಾಪಿನ ಮುಂದೆ ಬೆಣ್ಣೆ.

ಇದೆಲ್ಲ ಆಮೇಲೆ ಗೊತ್ತಾಗಿದ್ದು. ಆ ಸಂಜೆ ನಾನು ಮಾಡಿದ ಕೆಲಸ ಒಂದೇ: ತೂತಿನ ಮೇಲೆ ಕಾಟನ್ ವೇಸ್ಟ್ ಮುಚ್ಚಿ, "ಬೋಲ್ಟ್ ಸರಿಯಾದ ಸೈಜ್ ಸಿಗ್ಲಿಲ್ಲಪ್ಪ, ನಾಳೆ ನೋಡ್ತೀನಿ" ಅಂತ ಸುಳ್ಳು ಹೇಳಿದ್ದು.

ರಾತ್ರಿ ಊಟ ಆದ ಮೇಲೆ ಟಾರ್ಚು, ಡ್ರಿಲ್ ಮೆಷಿನ್, ಎಕ್ಸ್‌ಟೆನ್ಷನ್ ಬೋರ್ಡು, ಸಣ್ಣ ಜನರೇಟರ್ ಎಲ್ಲ ಹೊತ್ತುಕೊಂಡು ಹಳ್ಳದ ಕಡೆ ಹೋದೆ. ಮೊದಲು ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದೆ, ಟ್ಯಾಪು ಹಿಂದಕ್ಕೆ ತಿರುಗಲಿ ಅಂತ. ಒಂದು ಚೂರು ಸಿಡಿದು ಕೆನ್ನೆಗೆ ಬಡಿಯಿತು. ಕಣ್ಣಿಗೆ ಬಡಿದಿದ್ದರೆ? ಕನ್ನಡಕ ಹಾಕಿಕೊಳ್ಳಬೇಕು ಅನ್ನೋ ಬುದ್ಧಿ ಬಂದಿದ್ದು ಆಮೇಲೆ. ನಂತರ ಡ್ರಿಲ್. ಬಿಟ್ಟು ಟ್ಯಾಪಿನ ಮೇಲೆ ಕಿರ್ರ್ ಅಂತ ಅರಚಿ, ಪಕ್ಕಕ್ಕೆ ಜಾರಿ, ಮೆತ್ತಗಿನ ಬ್ಲಾಕಿಗೆ ಇಳಿದುಬಿಟ್ಟಿತು. ನಿಲ್ಲಿಸುವಷ್ಟರಲ್ಲಿ ತೂತಿನ ಅಂಚಿಗೆ ನಾಲ್ಕು ಮಿಲಿಮೀಟರ್ ಆಳದ ಒಂದು ಗುಂಡಿ.

ಟ್ಯಾಪ್ ಮುರಿದಾಗ ಎದೆ ಧಸಕ್ ಅಂದಿತ್ತು. ಈ ಗುಂಡಿ ನೋಡಿ ಕೈಕಾಲೇ ತಣ್ಣಗಾದವು. ಆ ಗೋಡೆಯ ಹಿಂದೆ ನೀರು ಓಡಾಡುವ ಜಾಕೆಟ್ ಇದೆ. ಇನ್ನೂ ಸ್ವಲ್ಪ ಇಳಿದಿದ್ದರೆ ಬ್ಲಾಕು ಗುಜರಿಗೆ.

ಬೆಳಿಗ್ಗೆ ನಾನು ಏಳುವ ಮೊದಲೇ ಅಪ್ಪ ಅಲ್ಲಿಗೆ ಹೋಗಿ ಬಂದಿದ್ದರು. ಕಾಫಿ ಲೋಟ ಕೆಳಗಿಟ್ಟು ಹೇಳಿದ್ದು ಇಷ್ಟು: "ನಿನ್ನೆ ಮಧ್ಯಾಹ್ನನೇ ಹೇಳಿದ್ರೆ ನಿನ್ನೆನೇ ಶಿವಮೊಗ್ಗಕ್ಕೆ ಹಾಕ್ಕೊಂಡು ಹೋಗಬಹುದಿತ್ತಲ್ಲೋ." ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೇಸ್ತ್ರಿಯ ಮೊದಲ ಪ್ರಶ್ನೆ

ಸಿಲಿಂಡರ್ ಬ್ಲಾಕ್ ಬಿಚ್ಚಿ, ಪಕ್ಕದ ಮನೆಯವರ ಲಗೇಜ್ ಆಟೊದಲ್ಲಿ ಹಾಕಿಕೊಂಡು ಶಿವಮೊಗ್ಗ ತಲುಪಿದಾಗ ಹನ್ನೊಂದು ಗಂಟೆ. ಅಪ್ಪನಿಗೆ ಮೂವತ್ತು ವರ್ಷದಿಂದ ಗೊತ್ತಿರುವ ಲೇತ್ ಅಂಗಡಿ. ಮೇಸ್ತ್ರಿಗೆ ಅರವತ್ತು ದಾಟಿರಬೇಕು. ತೂತಿಗೆ ಟಾರ್ಚ್ ಬಿಟ್ಟು ನೋಡಿದರು. ಟ್ಯಾಪ್ ಹೇಗೆ ಮುರೀತು ಅಂತ ಕೇಳಲೇ ಇಲ್ಲ.

"ಮುರಿದ ಮೇಲೆ ಏನೇನು ಮಾಡಿದ್ಯಪ್ಪಾ? ಎಲ್ಲಾ ಹೇಳು."

ಹೇಳಿದೆ. ಪಂಚು, ಸುತ್ತಿಗೆ, ಡ್ರಿಲ್ಲು, ಎಲ್ಲಾ. ಅಪ್ಪ ರಸ್ತೆ ಕಡೆ ನೋಡುತ್ತಾ ನಿಂತಿದ್ದರು. ನಮ್ಮ ಆಫೀಸಿನಲ್ಲಿ ಸರ್ವರ್ ಬಿದ್ದಾಗಲೂ ಹಿರಿಯರು ಕೇಳುವ ಮೊದಲ ಪ್ರಶ್ನೆ ಇದೇ: ಬಿದ್ದ ಮೇಲೆ ಯಾರ್ಯಾರು ಏನೇನು ಮುಟ್ಟಿದ್ರಿ? ಅಲ್ಲಿ ನಾನು ಪಟಪಟ ಅಂತ ಉತ್ತರ ಕೊಡ್ತೀನಿ. ಇಲ್ಲಿ ನಾಲಿಗೆ ಹೊರಳಲಿಲ್ಲ.

ಆಮೇಲೆ "ಯಾವ ಟ್ಯಾಪು ಹಾಕಿದ್ದು?" ಅಂದರು. "ಹತ್ತು ಎಂಎಂ" ಅಂದೆ. ಅವರು ಮಾತಾಡದೆ ಡ್ರಾಯರ್‌ನಿಂದ ಬಾಚಣಿಗೆಯಂಥ ಹಲ್ಲುಗಳಿರುವ ತೆಳು ಪಟ್ಟಿಗಳ ಗೊಂಚಲು ತೆಗೆದರು. ಥ್ರೆಡ್ ಗೇಜು. ಫ್ಲಾಂಜಿನ ಇನ್ನೊಂದು ಸ್ಟಡ್ಡು ಬ್ಲಾಕ್‌ನಲ್ಲೇ ಇತ್ತಲ್ಲ, ಅದರ ಮೇಲೆ ಒಂದೊಂದೇ ಇಟ್ಟು ನೋಡಿ, ಒಂದು ಸರಿಯಾಗಿ ಕೂತಾಗ ನನ್ನ ಕಡೆ ತಿರುಗಿಸಿ ತೋರಿಸಿದರು. "ಇಂಚಿಗೆ ಹದಿನಾರು. ಇದು ಮೂರು ಸೂತದ ವಿಟ್ವರ್ತ್ ಕಣಪ್ಪಾ. ನೀನು ಹಾಕಿದ್ದು ಮಿಲಿಮೀಟ್ರು."

ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ. ಮೂರು ಸೂತ ಅಂದರೆ 3/8 ಇಂಚು, 9.5 ಮಿಲಿಮೀಟರಿನಷ್ಟು. ಕಣ್ಣಿಗೆ ಹತ್ತು ಎಂಎಂ ಥರವೇ ಕಾಣುತ್ತೆ. ಥ್ರೆಡ್ಡಿನ ಅಂತರವೂ ಹತ್ತಿರ ಹತ್ತಿರ: ಹತ್ತು ಎಂಎಂನದು 1.5 ಮಿಲಿಮೀಟರ್, ಇದರದು 1.5875. ಈ 'ಹತ್ತಿರ ಹತ್ತಿರ' ಅನ್ನೋದೇ ಮೋಸ. ಪೂರ್ತಿ ಬೇರೆಯಾಗಿದ್ದರೆ ಮೊದಲ ಸುತ್ತಿನಲ್ಲೇ ಗೊತ್ತಾಗುತ್ತಿತ್ತು. ಇದು ನಂಬಿಸಿ ಒಳಗೆ ಕರೆದುಕೊಂಡು ಹೋಗುತ್ತೆ. ಒಂದು ಸುತ್ತಿಗೆ 0.0875 ವ್ಯತ್ಯಾಸ, ಎಂಟು ಸುತ್ತಿಗೆ 0.7, ಅಂದರೆ ಹೆಚ್ಚುಕಮ್ಮಿ ಅರ್ಧ ಥ್ರೆಡ್ಡು. ಹಳೇ ಥ್ರೆಡ್ಡಿನ ಏಣು ಇರುವ ಕಡೆ ಹೊಸದು ತಗ್ಗು ತೋಡೋಕೆ ಹೋಗುತ್ತೆ. ಜೊತೆಗೆ ತೂತೂ ಚಿಕ್ಕದು. ಟ್ಯಾಪು ಅಲ್ಲಿ ಸಿಕ್ಕಿಹಾಕಿಕೊಂಡಿತು, ನಾನು ಪೈಪ್ ಹಾಕಿ ತಿರುಚಿದೆ.

ವಿಟ್ವರ್ತ್ ಅನ್ನೋದು ಒಬ್ಬ ಇಂಗ್ಲಿಷ್ ಎಂಜಿನಿಯರನ ಹೆಸರು. ಮೊದಲು ಬ್ರಿಟನ್ನಿನ ಒಂದೊಂದು ಕಾರ್ಖಾನೆಗೆ ಒಂದೊಂದು ಥರದ ಥ್ರೆಡ್ ಇತ್ತಂತೆ. ಜೋಸೆಫ್ ವಿಟ್ವರ್ತ್ ಬೇರೆ ಬೇರೆ ಕಾರ್ಖಾನೆಗಳ ಸ್ಕ್ರೂಗಳನ್ನು ಒಟ್ಟು ಹಾಕಿ, ಅಳೆದು, 1841ರಲ್ಲಿ ಎಲ್ಲರಿಗೂ ಒಂದೇ ಅಳತೆ ಸೂಚಿಸಿದ. ಥ್ರೆಡ್ಡಿನ ಕೋನ 55 ಡಿಗ್ರಿ. ಈಗಿನ ಮೆಟ್ರಿಕ್‌ನದು 60. ನಮ್ಮ ಎಂಜಿನ್ನಿನ ಮೂಲ ವಿನ್ಯಾಸ ಇಂಗ್ಲೆಂಡಿನ ಲಿಸ್ಟರ್ ಕಂಪನಿಯದು, 1930ರ ಆಸುಪಾಸಿನದು. ಆ ಮಾದರಿಯನ್ನು ಗುಜರಾತಿನ ರಾಜಕೋಟದಲ್ಲಿ ದಶಕಗಟ್ಟಲೆ ತಯಾರಿಸುತ್ತಾ ಬಂದಿದ್ದಾರೆ. ದೇಶ ಮೀಟರ್, ಕಿಲೋಗೆ ಬದಲಾಯಿತು, ಅಜ್ಜ ಕೊಂಡ ಎಂಜಿನ್ನಿನ ತೂತುಗಳು ಮಾತ್ರ ಇಂಚಿನಲ್ಲೇ ಉಳಿದವು.

ಕಿಡಿಯ ಕೆಲಸ

ಮೇಸ್ತ್ರಿ ಮೊದಲು ಸೂಜಿಯಿಂದ ಟ್ಯಾಪಿನ ಕಾಲುವೆಗಳಲ್ಲಿದ್ದ ಪುಡಿ ಕೆದಕಿ, ಸೀಮೆಎಣ್ಣೆ ಬಿಟ್ಟು, ಗಾಳಿ ಹೊಡೆದು ಚೊಕ್ಕಟ ಮಾಡಿದರು. ಅದಕ್ಕೇ ಇಪ್ಪತ್ತು ನಿಮಿಷ. ಆಮೇಲೆ ಟ್ಯಾಪ್ ಎಕ್ಸ್‌ಟ್ರಾಕ್ಟರ್ ತೆಗೆದರು. ಇದು ಬೋಲ್ಟಿನ ಎಕ್ಸ್‌ಟ್ರಾಕ್ಟರ್ ಥರ ಅಲ್ಲ. ಸಣ್ಣ ಸಣ್ಣ ಉಕ್ಕಿನ ಬೆರಳುಗಳು ಮುರಿದ ಟ್ಯಾಪಿನ ಕಾಲುವೆಯೊಳಗೆ ಇಳಿಯುತ್ತವೆ, ಹಿಡಿದು ಹಿಂದಕ್ಕೆ ತಿರುಗಿಸಬೇಕು. ಮುರಿದ ತಕ್ಷಣ ಬಂದಿದ್ದರೆ ಇದರಲ್ಲೇ ಬರುವ ಸಾಧ್ಯತೆ ಇತ್ತು ಅಂದರು. ನಾನು ಪಂಚಿನಿಂದ ಹೊಡೆದು ಒಂದು ಕಾಲುವೆಯ ಬಾಯಿ ಮುಚ್ಚಿಹಾಕಿದ್ದೆ. ಮೂರೇ ಬೆರಳು ಇಳಿದವು. ಅಲುಗಾಡಿಸಿದಾಗ ಒಂದು ಬಗ್ಗಿತು. ಅವರು ಅಲ್ಲಿಗೇ ನಿಲ್ಲಿಸಿದರು. ನಾನಾಗಿದ್ದರೆ ಇನ್ನೊಂದು ಸಲ ನೋಡೋಣ ಅಂತಿದ್ದೆ.

ವೆಲ್ಡಿಂಗ್ ಮಾಡಿ ಟ್ಯಾಪಿನ ತಲೆಗೆ ಒಂದು ನಟ್ಟು ಅಂಟಿಸಿ ತಿರುಗಿಸೋದು ಇನ್ನೊಂದು ದಾರಿ. ಅದಕ್ಕೆ ಟ್ಯಾಪು ಮೇಲ್ಮಟ್ಟಕ್ಕಾದರೂ ಇರಬೇಕು, ನಮ್ಮದು ಒಳಗಿತ್ತು. ಕಾರ್ಬೈಡ್ ಬಿಟ್ಟಿನಿಂದ ಟ್ಯಾಪನ್ನೂ ಕೊರೆಯಬಹುದು, ಆದರೆ ಮಿಲ್ಲಿಂಗ್ ಮೆಷಿನ್‌ನಲ್ಲಿ ಬಿಗಿಯಾಗಿ ಕಟ್ಟಿ ಮಾಡಬೇಕು. ಕೈ ಡ್ರಿಲ್‌ನಲ್ಲಿ ಮಾಡಿದರೆ ಆ ದುಬಾರಿ ಬಿಟ್ಟೂ ಮುರಿದು ಟ್ಯಾಪಿನ ಜೊತೆ ಸಂಸಾರ ಹೂಡುತ್ತೆ.

ನಾನು ರಾತ್ರಿ ಓದಿದ್ದ ಒಂದು ಉಪಾಯ ಹೇಳಿದೆ: ಪಟಿಕ. ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುತ್ತಾರಲ್ಲ, ಅದೇ ಪಟಿಕ. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕಿದರೆ ಉಕ್ಕನ್ನು ನಿಧಾನಕ್ಕೆ ತಿನ್ನುತ್ತೆ, ಅಲ್ಯೂಮಿನಿಯಂ ಅನ್ನು ಹೆಚ್ಚುಕಮ್ಮಿ ಮುಟ್ಟೋದಿಲ್ಲ. ವಾಚ್ ರಿಪೇರಿಯವರು ಹಿತ್ತಾಳೆಯಲ್ಲಿ ಮುರಿದು ಕೂತ ಉಕ್ಕಿನ ಸ್ಕ್ರೂ ತೆಗೆಯೋಕೂ ಇದನ್ನೇ ಬಳಸುತ್ತಾರೆ. ಮೇಸ್ತ್ರಿ ನಕ್ಕರು. "ಬೈಕಿನ ಬ್ಲಾಕಾಗಿದ್ರೆ ಹಾಕ್ತಿದ್ವಿ. ಇದು ಬೀಡು. ಟ್ಯಾಪಿನ ಜೊತೆ ಬ್ಲಾಕನ್ನೂ ತಿನ್ನುತ್ತೆ. ಸ್ಪಾರ್ಕ್‌ಗೆ ಹಾಕೋಣ ನಡೀರಿ."

ಶಿವಮೊಗ್ಗದಲ್ಲಿ ಫೌಂಡ್ರಿಗಳು ಜಾಸ್ತಿ. ಅವುಗಳ ಸುತ್ತ ಅಚ್ಚು ಮಾಡುವವರು, ಡೈ ಮಾಡುವವರೂ ಇದ್ದಾರೆ. ಅಂಥ ಒಂದು ಶೆಡ್ಡಿಗೆ ಮೂವರೂ ಬ್ಲಾಕ್ ಹೊತ್ತುಕೊಂಡು ಹೋದೆವು. ಅಲ್ಲಿದ್ದದ್ದು ಸ್ಪಾರ್ಕ್ ಎರೋಷನ್ ಮೆಷಿನ್. ಬ್ಲಾಕನ್ನು ಎಣ್ಣೆ ತುಂಬಿದ ತೊಟ್ಟಿಯಲ್ಲಿ ಮಗ್ಗುಲಾಗಿ ಮಲಗಿಸಿ, ತೂತಿನ ನೆತ್ತಿಗೆ ಸರಿಯಾಗಿ ಒಂದು ತಾಮ್ರದ ಕಡ್ಡಿ ನಿಲ್ಲಿಸಿದರು. ಕಡ್ಡಿ ಟ್ಯಾಪಿನ ನಡುದಿಂಡಿಗಿಂತ ತುಸು ದಪ್ಪ, ಆದರೆ ಥ್ರೆಡ್ಡಿಗೆ ತಾಗದಷ್ಟು ಸಣ್ಣ. ಕಡ್ಡಿಗೂ ಟ್ಯಾಪಿಗೂ ನಡುವೆ ಕೂದಲೆಳೆಯಷ್ಟು ಜಾಗ. ಸ್ವಿಚ್ ಹಾಕಿದರೆ ಆ ಜಾಗದಲ್ಲಿ ಸೆಕೆಂಡಿಗೆ ಸಾವಿರಾರು ಕಿಡಿ. ಒಂದೊಂದು ಕಿಡಿಯೂ ಟ್ಯಾಪಿನ ಒಂದು ಕಣವನ್ನು ಕರಗಿಸುತ್ತೆ, ಎಣ್ಣೆ ಅದನ್ನು ತೊಳೆದುಕೊಂಡು ಹೋಗುತ್ತೆ. ಒತ್ತೋದಿಲ್ಲ, ತಿರುಚೋದಿಲ್ಲ, ಮುಟ್ಟೋದೂ ಇಲ್ಲ. ಟ್ಯಾಪು ಎಷ್ಟೇ ಗಟ್ಟಿಯಿರಲಿ, ಕಿಡಿಗೆ ಅದರ ಹಂಗಿಲ್ಲ.

ಈ ಮೆಷಿನ್ನಿನ ಹುಟ್ಟಿನ ಕತೆ ಆಮೇಲೆ ಓದಿದೆ. ಸೋವಿಯತ್ ಒಕ್ಕೂಟದಲ್ಲಿ ಬೋರಿಸ್ ಮತ್ತು ನತಾಲಿಯಾ ಲಜರೆಂಕೊ ಅನ್ನುವ ವಿಜ್ಞಾನಿ ದಂಪತಿ, ಕಿಡಿ ಹಾರಿ ಹಾರಿ ಟಂಗ್‌ಸ್ಟನ್ ಕಾಂಟ್ಯಾಕ್ಟುಗಳು ಸವೆಯೋದನ್ನು ತಪ್ಪಿಸೋದು ಹೇಗೆ ಅಂತ ಸಂಶೋಧನೆ ಮಾಡುತ್ತಿದ್ದರು. ತಪ್ಪಿಸೋಕಾಗಲಿಲ್ಲ. ಆದರೆ ಆ ಸವೆತವನ್ನೇ ಹಿಡಿತಕ್ಕೆ ತಂದುಕೊಂಡರೆ ಗಟ್ಟಿ ಲೋಹ ಕೊರೆಯಬಹುದು ಅಂತ ಹೊಳೆಯಿತು. ಅದು 1943. ಹೆಚ್ಚುಕಮ್ಮಿ ಅದೇ ಕಾಲಕ್ಕೆ ಅಮೆರಿಕದಲ್ಲಿ ಹೆರಾಲ್ಡ್ ಸ್ಟಾರ್ಕ್, ವಿಕ್ಟರ್ ಹಾರ್ಡಿಂಗ್, ಜ್ಯಾಕ್ ಬೀವರ್ ಅನ್ನುವ ಮೂವರು ಇಂಥದ್ದೇ ಯಂತ್ರ ಮಾಡಿದರು. ಯಾಕೆ ಗೊತ್ತಾ? ಅಲ್ಯೂಮಿನಿಯಂ ಎರಕದೊಳಗೆ ಮುರಿದು ಸಿಕ್ಕಿಕೊಂಡ ಡ್ರಿಲ್ಲು, ಟ್ಯಾಪುಗಳನ್ನು ತೆಗೆಯೋಕೆ! ಓದಿ ಸ್ವಲ್ಪ ಸಮಾಧಾನವಾಯಿತು. ನನ್ನಂಥವರು ಆಗಲೂ ಬೇಕಾದಷ್ಟು ಜನ ಇದ್ದಿರಬೇಕು.

ಅಪ್ಪನಿಗೆ ಈ ಕತೆ ಹೇಳಿದಾಗ ಅವರಿಗೇನೂ ಆಶ್ಚರ್ಯ ಆಗಲಿಲ್ಲ. "ಹಳೇ ಜೀಪಿನ ಪಾಯಿಂಟು ಹಂಗೇ ಅಲ್ವೇನೋ ಗುಳಿ ಬೀಳ್ತಿದ್ದಿದ್ದು? ಎರಡು ತಿಂಗಳಿಗೊಂದ್ಸಲ ಪೇಪರ್ ಹಾಕಿ ಉಜ್ಜಬೇಕಿತ್ತು" ಅಂದರು.

ಒಂದೂವರೆ ಗಂಟೆ ಹಿಡಿಯಿತು. ನಡುದಿಂಡು ಸುಟ್ಟುಹೋದ ಮೇಲೆ ಟ್ಯಾಪಿನ ಹಲ್ಲಿನ ಸಾಲುಗಳು ಒಂದಕ್ಕೊಂದು ಆಸರೆಯಿಲ್ಲದೆ ಬಿಡಿಬಿಡಿಯಾದವು. ಮೇಸ್ತ್ರಿ ಸೂಜಿಯಿಂದ ಒಂದೊಂದನ್ನೇ ಒಳಕ್ಕೆ ಬೀಳಿಸಿ ಮ್ಯಾಗ್ನೆಟ್ಟಿನಿಂದ ಎತ್ತಿ ನನ್ನ ಅಂಗೈಗೆ ಹಾಕಿದರು. ನಾಲ್ಕು ಕರೀ ಚೂರು. ಇಷ್ಟಕ್ಕೆ 1,200 ರೂಪಾಯಿ.

ಟ್ಯಾಪು ಬಂತು, ಥ್ರೆಡ್ಡು ಉಳಿದಿರಲಿಲ್ಲ. ಎರಡು ಥರದ ಥ್ರೆಡ್ಡು ಒಂದರ ಮೇಲೊಂದು ಕೊರೆದು ಗೋಡೆಯೆಲ್ಲ ಕಿತ್ತುಹೋಗಿತ್ತು. ಮೇಸ್ತ್ರಿ ಹಿಂದಿನ ಗೋಡೆಯ ದಪ್ಪ ಅಳೆದು, ತೂತನ್ನು ಒಂದು ಅಳತೆ ದೊಡ್ಡದು ಮಾಡೋದು ಅಂತ ತೀರ್ಮಾನಿಸಿದರು: ಮೂರೂವರೆ ಸೂತ, ಅಂದರೆ 7/16 ಇಂಚು. ಅದಕ್ಕೆ ತಕ್ಕ ಹಾಗೆ ಲೇತ್‌ನಲ್ಲಿ ಒಂದು ಮೆಟ್ಟಿಲು ಸ್ಟಡ್ಡು ಕಡೆದರು. ಬ್ಲಾಕಿನ ಕಡೆ ದಪ್ಪ, ಫ್ಲಾಂಜಿನ ಕಡೆ ಹಳೇ ಮೂರು ಸೂತ. ಹಳೇ ನಟ್ಟೇ ಕೂರುತ್ತೆ.

ತೂತಿಗೆ ಡ್ರಿಲ್ ಹಾಕಿ ಮುಗಿಸಿ, ಟ್ಯಾಪು ಹ್ಯಾಂಡಲ್‌ಗೆ ಸಿಕ್ಕಿಸಿ ನನ್ನ ಮುಂದೆ ಹಿಡಿದರು. "ತಗೋ, ಹಾಕು."

ಬೇಡ ಅಂದೆ. ನಿಜವಾಗಲೂ ಹೆದರಿಕೆಯಾಗಿತ್ತು. ಅವರು ಹ್ಯಾಂಡಲ್ ಕೆಳಗಿಳಿಸಲಿಲ್ಲ. ಅಪ್ಪನೂ ಈಗ ಹತ್ತಿರ ಬಂದು ನಿಂತರು.

"ಎರಡೂ ಕೈ ಒಂದೇ ಭಾರ ಇರ್ಬೇಕು. ಒಂದು ಕಡೆ ಜಾಸ್ತಿ ಒತ್ತಿದ್ರೆ ವಾಲುತ್ತೆ, ವಾಲಿದ್ರೆ ಮುರಿಯುತ್ತೆ. ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. ಹಿಂದಕ್ಕೆ ತಿರುಗಿಸಿದಾಗ್ಲೇ ಪುಡಿ ಮುರಿಯೋದು." ಗುಣಿಯ ಟ್ಯಾಪಿಗೆ ಆಳದ ಗುರುತಿಗೆ ಒಂದು ಟೇಪ್ ಸುತ್ತಿದ್ದರು, ಯಾಕೆಂದರೆ ಇದು ಆರುಪಾರು ತೂತಲ್ಲ, ತಳ ಮುಟ್ಟಿದ ಮೇಲೂ ತಿರುಗಿಸಿದರೆ ಮತ್ತೆ 'ಟಿಕ್'. ಬೀಡಿನ ಪುಡಿ ಉಕ್ಕಿನ ಹಾಗೆ ಸುರುಳಿಯಾಗಿ ಬರೋದಿಲ್ಲ, ರವೆ ಥರ ಬರುತ್ತೆ, ತಳದಲ್ಲಿ ಕೂತು ಗಟ್ಟಿಯಾಗುತ್ತೆ. ಮೂರು ಸಲ ಟ್ಯಾಪು ಪೂರ್ತಿ ಹೊರತೆಗೆದು ತೂತು ಊದಿಸಿದರು. ಎರಡನೇ ಟ್ಯಾಪಿನ ಅರ್ಧದಲ್ಲಿ ಕೈಗೆ ಒಂದು ಥರ ಸ್ಪ್ರಿಂಗಿನಂತೆ ಅನ್ನಿಸಿತು. ತಿರುಗಿಸಿದರೆ ಟ್ಯಾಪು ಕೊರೆಯುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ನಿಲ್ಲಿಸಿದೆ.

"ಗೊತ್ತಾಯ್ತಾ? ನಿನ್ನೆನೂ ಹಿಂಗೇ ಅನ್ಸಿರ್ಬೇಕಲ್ಲ" ಅಂದರು ಮೇಸ್ತ್ರಿ.

ಅನ್ನಿಸಿತ್ತು. ಪೈಪು ತೂರಿಸುವ ಮೊದಲು ಸರಿಯಾಗಿ ಇದೇ ಅನ್ನಿಸಿತ್ತು.

ಸ್ಟಡ್ಡು ಕೂತಿತು. ಮಜೂರಿ, ಸ್ಟಡ್ಡು ಸೇರಿ 600 ತೆಗೆದುಕೊಂಡರು. ನನ್ನ ಡ್ರಿಲ್ ತೋಡಿದ ಗುಂಡಿಯ ಅರ್ಧ ಭಾಗ ದೊಡ್ಡ ತೂತಿನಲ್ಲಿ ಸೇರಿಹೋಯಿತು, ಇನ್ನರ್ಧ ಗ್ಯಾಸ್ಕೆಟ್ ಕೂರುವ ಮುಖದ ಮೇಲೆ ಅರ್ಧಚಂದ್ರದ ಹಾಗೆ ಉಳಿಯಿತು. ಅಂಚನ್ನು ಫೈಲಿನಿಂದ ಸವರಿ, ಅಲ್ಲಿ ಗ್ಯಾಸ್ಕೆಟ್ ಪೇಸ್ಟು ಸ್ವಲ್ಪ ಜಾಸ್ತಿ ಹಚ್ಚಿ ಅಂದರು.

ಮರುದಿನ, ಸೋಮವಾರ, ಆಫೀಸಿಗೆ ರಜೆ ಹೇಳಿದೆ. ಎಂಜಿನ್ ಜೋಡಿಸಿ ಮುಗಿಸುವಷ್ಟರಲ್ಲಿ ಸಂಜೆ ನಾಲ್ಕಾಯಿತು. ಅಪ್ಪ ಹ್ಯಾಂಡಲ್ ತಿರುಗಿಸಿದರು, ನಾನು ಡಿಕಂಪ್ರೆಷನ್ ಲಿವರ್ ಬಿಟ್ಟೆ. ಎರಡನೇ ಸಲಕ್ಕೆ ಹತ್ತಿಕೊಂಡಿತು. ಫ್ಲಾಂಜಿನ ಕೆಳಗೆ ಒಣಗಿದ ನ್ಯೂಸ್ ಪೇಪರ್ ಹಾಸಿ ಅರ್ಧ ಗಂಟೆ ಕಾದೆವು. ಪೇಪರ್ ಒದ್ದೆಯಾಗಲಿಲ್ಲ. ಆರೂವರೆ ಹೊತ್ತಿಗೆ ನೀರು ಸಸಿಗಳ ಕೊನೇ ಸಾಲು ಮುಟ್ಟಿತ್ತು. ಎಲೆ ತುದಿ ಕಂದಾಗಿದ್ದ ಹತ್ತಿಪ್ಪತ್ತು ಸಸಿಗಳ ಬುಡಕ್ಕೆ ಅಪ್ಪ ಇನ್ನೊಂದಿಷ್ಟು ಸೊಪ್ಪು ಎಳೆದು ಮುಚ್ಚಿದರು.

ರಾತ್ರಿ ಬಸ್ಸಿಗೆ ಬಿಡೋಕೆ ಬಂದಾಗ ಕೇಳಿದರು, "ಆ ಹತ್ತು ಎಂಎಂ ಸೆಟ್ಟಲ್ಲಿ ಇನ್ನೂ ಎರಡು ಉಳಿದಿದಾವಲ್ಲ, ಎಲ್ಲಿಟ್ಟಿದೀಯ?"

"ಟೂಲ್ ಬಾಕ್ಸಲ್ಲೇ ಇದೆಯಪ್ಪಾ, ಯಾಕೆ?"

"ಇನ್ನೊಂದು ಸ್ಟಡ್ಡೂ ತುಕ್ಕು ಹಿಡಿದಿದೆ. ದೀಪಾವಳಿಗೆ ಬರ್ತೀಯಲ್ಲ, ಆಗ ಇಬ್ರೂ ಸೇರಿ ಬಿಚ್ಚೋಣ. ಅವೆರಡನ್ನ ಮಾತ್ರ ನೀನು ಬೆಂಗಳೂರಿಗೆ ತಗೊಂಡು ಹೋಗ್ಬಿಡು."